ಗಟ್ಟಿಮೇಳ ಊದಿದವರಿಗೆ ಊಟ ಯಾವ ಪಂಕ್ತಿಯಲ್ಲಿ?

ಇವತ್ತು ರಾಜಕೀಯ ಬೇಡ. ಒಂದು ಮದುವೆ ವಿಷಯ ಮಾತಾಡೋಣ.

ಮೊನ್ನೆ ಬೆಂಗಳೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ದೊಡ್ಡ ಛತ್ರ, ದೊಡ್ಡ ಮನೆತನ, ಹೂವಿನ ಅಲಂಕಾರ ನೋಡಿದ್ರೆ ತಲೆ ತಿರುಗಬೇಕು. ಮುಹೂರ್ತದ ಹೊತ್ತು ಬಂತು. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ನಾನು ಅಭ್ಯಾಸಬಲದಿಂದ ಓಲಗದವರು ಎಲ್ಲಿ ಕೂತಿದ್ದಾರೆ ಅಂತ ತಿರುಗಿ ನೋಡಿದೆ. ಯಾರೂ ಇಲ್ಲ. ಒಬ್ಬ ಹುಡುಗ ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿ ನಿಂತಿದ್ದ. ಬೆರಳು ಒತ್ತಿದ. ನಾದಸ್ವರ ಬರಬೇಕಾದ ಜಾಗದಲ್ಲಿ ಮೊದಲು ಬಂದದ್ದು ಹಲ್ಲುಪುಡಿಯ ಜಾಹೀರಾತು! ಮದುಮಗ ತಾಳಿ ಹಿಡಿದು ಕಾಯ್ತಾ ಇದ್ದಾನೆ, ಸ್ಪೀಕರಿನಲ್ಲಿ ಒಬ್ಬಾಕೆ ವಸಡಿನ ಆರೋಗ್ಯದ ಬಗ್ಗೆ ಹೇಳ್ತಾ ಇದ್ದಾಳೆ. ಸಭೆಯೆಲ್ಲಾ ನಕ್ಕಿತು. ನಾನೂ ನಕ್ಕೆ. ಊಟ ಮುಗಿಸಿ ಕಾರು ಹತ್ತಿದ ಮೇಲೆ ಯಾಕೋ ನಗು ಉಳೀಲಿಲ್ಲ.

ಅದೇ ವಾರ ನಮ್ಮ ವೀಕ್ಷಕರೊಬ್ಬರು ಬರೆದಿದ್ದರು. ತುಮಕೂರು ಕಡೆಯವರು. ಮಗಳ ಮದುವೆ. ಮನೆಯಲ್ಲಿ ಜಗಳ ಎದ್ದಿದೆಯಂತೆ. ಮಗಳಿಗೆ ಡಿಜೆ ಬೇಕು, ಹುಡುಗನ ಮನೆಯವರಿಗೆ ಬ್ಯಾಂಡ್ ಸೆಟ್ ಬೇಕು, ಅಜ್ಜಿಗೆ ವಾಲಗವೇ ಬೇಕು. "ಸಾರ್, ನಮ್ಮ ಸಂಸ್ಕೃತಿ ಯಾವುದು, ನೀವೇ ಹೇಳಿ" ಅಂತ. ನಮ್ಮ ಸಂಸ್ಕೃತಿ ಯಾವುದು ಅಂತ ಒಂದು ಸಾಲಿನಲ್ಲಿ ಹೇಳೋಕೆ ಬಂದಿದ್ದರೆ ರಾತ್ರಿ ಒಂಬತ್ತು ಗಂಟೆಗೆ ನಾವು ಆರು ಜನರನ್ನು ಕೂರಿಸಿಕೊಂಡು ಕಿರುಚಾಡುವ ಅಗತ್ಯವೇ ಇರ್ತಿರಲಿಲ್ಲ. ಆದರೆ ಈ ಪ್ರಶ್ನೆಗೊಂದು ಇತಿಹಾಸ ಇದೆ. ಅದನ್ನ ಹೇಳ್ತೀನಿ, ಕೇಳಿ.

ಮೊದಲು ಆ ಶಬ್ದವನ್ನೇ ನೋಡಿ. ಓಲಗ. ಹಳಗನ್ನಡದಲ್ಲಿ ಓಲಗ ಅಂದರೆ ಪೀಪಿಯೂ ಅಲ್ಲ, ಡೋಲೂ ಅಲ್ಲ. ಓಲಗ ಅಂದರೆ ರಾಜನ ಸಭೆ, ರಾಜನ ಸೇವೆ. ಒಡ್ಡೋಲಗ ಅಂತೀವಲ್ಲ, ಅದೇ. ಯಕ್ಷಗಾನದಲ್ಲಿ ಇವತ್ತಿಗೂ ಪಾತ್ರಧಾರಿ ಮೊದಲ ಸಲ ರಂಗಕ್ಕೆ ಬರುವ ವೈಭವಕ್ಕೆ ಒಡ್ಡೋಲಗ ಅಂತಲೇ ಹೆಸರು. ಅರಸನ ಓಲಗದಲ್ಲಿ ಮೊಳಗುತ್ತಿದ್ದ ವಾದ್ಯಕ್ಕೆ ಕಾಲಕ್ರಮದಲ್ಲಿ ಸಭೆಯ ಹೆಸರೇ ಅಂಟಿಕೊಂಡಿತು. ನಮ್ಮ ಹಳ್ಳಿಗಳ ಬಾಯಲ್ಲಿ ಅದು ವಾಲಗ ಆಯಿತು. ಮದುವೆಯ ದಿನ ಮದುಮಗ ರಾಜ, ಮದುಮಗಳು ರಾಣಿ. ರಾಜ ಇದ್ದಲ್ಲಿ ಓಲಗ ಇರಲೇಬೇಕು. ಎಂಥ ಬಡವನಿಗೂ ಒಂದು ದಿನದ ದರ್ಬಾರು. ಸಾಲ ಮಾಡಿಯಾದರೂ ವಾಲಗ ಊದಿಸ್ತಿದ್ದರು ಅಂದರೆ ಅದರ ಹಿಂದೆ ಇರೋದು ಈ ಆಸೆ.

ಆ ವಾದ್ಯದ ಕಷ್ಟ ಎಷ್ಟು ಜನರಿಗೆ ಗೊತ್ತು? ನಾಗಸ್ವರಕ್ಕೆ ಆಚಾ ಮರ ಬೇಕು, ಬಲಿತ ಮರ. ತಂಜಾವೂರು ಜಿಲ್ಲೆಯ ನರಸಿಂಗಂಪೇಟೆ ಎನ್ನುವ ಊರಿನ ನಾಗಸ್ವರಕ್ಕೆ 2022ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬಾಯಿಗೆ ಇಟ್ಟುಕೊಳ್ಳುವ ಸೀವಾಳಿ ಹುಲ್ಲಿನದ್ದು. ಅದು ಸ್ವಲ್ಪ ಕೆಟ್ಟರೂ ಸ್ವರ ಹೋಯಿತು, ಅದಕ್ಕೇ ವಾದ್ಯದ ತಲೆಗೆ ದಾರ ಕಟ್ಟಿ ನಾಲ್ಕೈದು ಸೀವಾಳಿ ನೇತು ಹಾಕಿಕೊಂಡಿರ್ತಾರೆ. ಡೋಲಿನವನು ಬಲಗೈ ಬೆರಳುಗಳಿಗೆ ಗಟ್ಟಿ ಕವಚ ಹಾಕ್ಕೊಂಡು, ಎಡಗೈಯಲ್ಲಿ ಕೋಲು ಹಿಡಿದು ಗಂಟೆಗಟ್ಟಲೆ ಬಾರಿಸಬೇಕು. ಹಿಂದೆ ಒಬ್ಬ ಒತ್ತು ಊದುತ್ತಾ ನಿಂತಿರ್ತಿದ್ದ. ಅವನ ಕೆಲಸ ಒಂದೇ ಸ್ವರ. ಹುಟ್ಟಿದಾಗಿನಿಂದ ಸಾಯೋವರೆಗೆ ಒಂದೇ ಸ್ವರ! ಈಗ ಆ ಜಾಗಕ್ಕೆ ಶ್ರುತಿಪೆಟ್ಟಿಗೆ ಬಂದಿದೆ.

ಬಲ್ಲ ವಿದ್ವಾಂಸರು ಸುಮ್ಮನೆ ಊದುತ್ತಿರಲಿಲ್ಲ. ಬೆಳಗಿಗೆ ಭೂಪಾಳ, ದೇವರ ಮೆರವಣಿಗೆಗೆ ಗಂಭೀರನಾಟದ ಮಲ್ಲಾರಿ, ಮದುವೆಯ ಶಾಸ್ತ್ರಕ್ಕೆ ಆನಂದಭೈರವಿ, ಕುರಂಜಿ, ರಾತ್ರಿ ಉಯ್ಯಾಲೆಗೆ ನೀಲಾಂಬರಿ, ಮಂಗಳಕ್ಕೆ ಮಧ್ಯಮಾವತಿ. ಮುಖಾರಿಯಲ್ಲಿ ಶೋಕ ಇದೆ ಅಂತ ಮದುವೆ ಚಪ್ಪರದ ಹತ್ತಿರಕ್ಕೂ ಬಿಡದವರಿದ್ದರು. ತಾಳಿ ಕಟ್ಟುವ ಗಳಿಗೆಯಲ್ಲಿ ಮಾತ್ರ ರಾಗದ ಲೆಕ್ಕ ಇಲ್ಲ. ಆಗ ಬೇಕಾದ್ದು ಸದ್ದು. ಯಾರಾದರೂ ಸೀನಿದರೆ, ಯಾವುದಾದರೂ ಅಪಶಬ್ದ ಬಿದ್ದರೆ ಮದುಮಕ್ಕಳ ಕಿವಿಗೆ ಮುಟ್ಟಬಾರದು. ಎಲ್ಲ ವಾದ್ಯ ಒಟ್ಟಿಗೆ, ಗಟ್ಟಿಯಾಗಿ. ಅದೇ ಗಟ್ಟಿಮೇಳ.

ಅಂದರೆ ಏನಾಯಿತು? ಆ ಗಳಿಗೆಯಲ್ಲಿ ಮಂತ್ರದಷ್ಟೇ ಬೆಲೆ ಡೋಲಿಗೂ ಇತ್ತು. ಗಟ್ಟಿಮೇಳ ಕೇಳಿಸಲಿಲ್ಲ ಅಂದರೆ ಹಳ್ಳಿಯ ಮುದುಕಿಯರು "ಇದೆಂಥಾ ಮದುವೆನಪ್ಪಾ" ಅಂತಿದ್ದರು. ಇಷ್ಟು ಮುಖ್ಯವಾದ ಕೆಲಸ ಮಾಡಿದವರು ಯಾರು? ರಾಜ್ಯದ ಹಲವು ಕಡೆ ಸವಿತಾ ಸಮಾಜದವರು, ಕರಾವಳಿಯಲ್ಲಿ ದೇವಾಡಿಗರು, ಉತ್ತರ ಕರ್ನಾಟಕದಲ್ಲಿ ಭಜಂತ್ರಿ ಮನೆತನದವರು, ಕೊಡಗಿನಲ್ಲಿ ಮೇದರು. ತಮಟೆ ಹಿಡಿದವರು ದಲಿತರು. ಅವರ ಉಸಿರಿಲ್ಲದೆ ಶುಭಕಾರ್ಯ ಇಲ್ಲ. ಅವರಿಗೆ ಜಾಗ ಎಲ್ಲಿ? ಚಪ್ಪರದ ಮೂಲೆಯಲ್ಲಿ. ಊಟ ಯಾವಾಗ? ಎಲ್ಲರದ್ದೂ ಆದ ಮೇಲೆ. ಅವರ ನಾದ ಮಂಟಪದ ಒಳಗೆ ಹೋಗಬಹುದು, ಅವರು ಹೋಗುವ ಹಾಗಿಲ್ಲ. ಇದನ್ನ ನಾನು ಪುಸ್ತಕ ಓದಿ ಹೇಳ್ತಾ ಇಲ್ಲ. ನಾನು ಚಿಕ್ಕವನಿದ್ದಾಗ ನಮ್ಮದೇ ನೆಂಟರ ಮದುವೆಯೊಂದರಲ್ಲಿ, ಬೆಳಗಿನ ಜಾವದಿಂದ ಊದಿದ ಮುದುಕರೊಬ್ಬರು ಮಧ್ಯಾಹ್ನ ಮೂರೂವರೆಗೆ ಹಿತ್ತಲಿನಲ್ಲಿ ಎಲೆ ಹಾಕಿಕೊಂಡು ಕೂತಿದ್ದು ನೋಡಿದ್ದೇನೆ. ಪಾಯಸ ಮುಗಿದಿತ್ತು. ಬಡಿಸುತ್ತಿದ್ದವರು ನಮ್ಮವರೇ.

ತಮಿಳುನಾಡಿನಲ್ಲಿ ಇದರ ವಿರುದ್ಧ ಒಬ್ಬರು ತಿರುಗಿ ನಿಂತರು. ಟಿ.ಎನ್. ರಾಜರತ್ನಂ ಪಿಳ್ಳೈ, 1898ರಿಂದ 1956ರವರೆಗೆ ಬದುಕಿದ ನಾಗಸ್ವರ ಚಕ್ರವರ್ತಿ. ಅವರ ತೋಡಿ ರಾಗ ಕೇಳೋಕೆ ಜನ ಊರೂರು ಅಲೆಯುತ್ತಿದ್ದರು. ನಾಗಸ್ವರದವರು ದೊಡ್ಡವರ ಮುಂದೆ ಅಂಗಿ ಬಿಚ್ಚಿ, ಮೇಲುಹೊದಿಕೆಯನ್ನು ಸೊಂಟಕ್ಕೆ ಕಟ್ಟಿ ನಿಲ್ಲಬೇಕಿದ್ದ ಕಾಲದಲ್ಲಿ ಅವರು ಕ್ರಾಪು ಬಿಟ್ಟರು, ಶೇರವಾನಿ ತೊಟ್ಟರು, ವಜ್ರ ಹಾಕಿದರು. ಹಾಡುಗಾರರಂತೆ ವೇದಿಕೆ ಮೇಲೆ ಕೂತು ಕಛೇರಿ ಕೊಟ್ಟರು. ಅಹಂಕಾರಿ ಅಂದರು ಜನ. ಅಂಗಿ ಹಾಕಿಕೊಂಡಿದ್ದಕ್ಕೆ ಅಹಂಕಾರಿ!

ಇದು ಗಂಡಸರ ಕಥೆ. ಹೆಂಗಸರ ಕಥೆ ಇದಕ್ಕಿಂತ ಕಹಿ.

ಒಂದು ಕಾಲದಲ್ಲಿ ದಕ್ಷಿಣ ಭಾರತದ ಸಿರಿವಂತರ ಮದುವೆ ಅಂದರೆ ದೇವದಾಸಿಯರ ಹಾಡು, ಕುಣಿತ ಇರಲೇಬೇಕು. ದೇವರನ್ನೇ ಮದುವೆಯಾದವಳು, ಎಂದೂ ವಿಧವೆಯಾಗದವಳು, ನಿತ್ಯಸುಮಂಗಲಿ. ಎಷ್ಟೋ ಕಡೆ ತಾಳಿಯ ಮಣಿ ಪೋಣಿಸಿ ಕೊಡೋದೂ ಅವಳ ಕೈಯಿಂದಲೇ. ಆಮೇಲೆ ಇಂಗ್ಲಿಷ್ ಓದಿದ ಸುಧಾರಕರು ಬಂದರು. 1893ರಲ್ಲಿ ಮದ್ರಾಸಿನ ಹಿಂದೂ ಸಮಾಜ ಸುಧಾರಣಾ ಸಂಘದವರು ವೈಸ್‌ರಾಯ್‌ಗೂ ಗವರ್ನರಿಗೂ ಮನವಿ ಕೊಟ್ಟರು. ನಾಚ್ ಇರುವ ಸಮಾರಂಭಕ್ಕೆ ದಯವಿಟ್ಟು ನೀವು ಹೋಗಬೇಡಿ ಅಂತ. ಇಬ್ಬರೂ ಒಪ್ಪಲಿಲ್ಲ. ಚಳವಳಿ ನಿಲ್ಲಲಿಲ್ಲ. ಆಂಧ್ರದಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲು ಮದುವೆ ಮನೆಯ ಮೇಜುವಾನಿಯ ವಿರುದ್ಧ ಬರೆದರು, ಭಾಷಣ ಮಾಡಿದರು. ನಮ್ಮ ಮೈಸೂರು ಸಂಸ್ಥಾನ 1910ರ ಹೊತ್ತಿಗೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು.

ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುಡಿಪು ಬಿಡುವ ಪದ್ಧತಿ ಹೋಗಲೇಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಅದು ಎಷ್ಟು ಆಳವಾಗಿ ಬೇರು ಬಿಟ್ಟಿತ್ತು ಅಂದರೆ 1982ರಲ್ಲೂ ಕರ್ನಾಟಕ ಸರ್ಕಾರ ಅದರ ನಿಷೇಧಕ್ಕೆ ಕಾನೂನು ತರಬೇಕಾಯಿತು. ಆದರೆ ನನ್ನ ಪ್ರಶ್ನೆ ಬೇರೆ. ಸುಧಾರಣೆಯ ಬಿಸಿ ತಟ್ಟಿದ್ದು ಯಾರಿಗೆ? ಹಾಡಿಸಿದ ಯಜಮಾನನಿಗಾ, ಹಾಡಿದವಳಿಗಾ? ಯಜಮಾನ ಮರುದಿನ ಬ್ಯಾಂಡ್ ಸೆಟ್ ಕರೆಸಿದ. ಹಾಡಿದವಳು ಬೀದಿಗೆ ಬಂದಳು.

ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರನ್ನು ಇಲ್ಲಿ ನೆನೆಯಬೇಕು. ದೇವದಾಸಿ ಕುಲದ ಹೆಣ್ಣುಮಗಳು. ಮೈಸೂರು, ಬೆಂಗಳೂರು, ಆಮೇಲೆ ಮದ್ರಾಸು. ದುಡಿದ ದುಡ್ಡನ್ನೆಲ್ಲ ಸುರಿದು ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಗುಡಿ ಕಟ್ಟಿಸಿದವರಿಗೇ ಅಲ್ಲಿನ ಆರಾಧನೆಯಲ್ಲಿ ಹಾಡೋಕೆ ಅವಕಾಶ ಇರಲಿಲ್ಲ, ಯಾಕೆಂದರೆ ಹೆಣ್ಣು! ಅವರು ಹೆಂಗಸರದ್ದೇ ಬೇರೆ ಆರಾಧನೆ ನಡೆಸಿದರು. ಕೊನೆಗೆ ಪಂಗಡಗಳೆಲ್ಲ ಒಂದಾದದ್ದು 1940ರ ಆಸುಪಾಸಿನಲ್ಲಿ. ಇವತ್ತು ನಮ್ಮ ಮದುವೆಗಳಲ್ಲಿ ಹೆಂಗಸರು ಹಾಡುವ ಸೀತಾ ಕಲ್ಯಾಣದ ಹಾಡು ಅದೇ ತ್ಯಾಗರಾಜರದ್ದು. ಹಾಡುವಾಗ ನಾಗರತ್ನಮ್ಮ ಯಾರ ನೆನಪಿನಲ್ಲೂ ಇರೋದಿಲ್ಲ.

ಇದೇ ಹೊತ್ತಿಗೆ ಒಂದು ಯಂತ್ರ ಬಂತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿಯವರು ತಟ್ಟೆಗೆ ಇಳಿಸಿದರು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳ್ತಿದ್ದಳು, ಕೇಳಿದವರಿಗೆ ಇದು ಯಾರ ಹಾಡು ಅಂತ ತಿಳೀಲಿ ಅಂತ. ಆ ಕಾಲಕ್ಕೆ ದೇಶದ ಬಹುದೊಡ್ಡ ತಾರೆ. ಅವಳು ಕೊನೆಗೆ ಬಂದು ಸೇರಿದ್ದು ಎಲ್ಲಿಗೆ ಗೊತ್ತಾ? ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯ ಆಶ್ರಯ ಕೊಟ್ಟರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಗ್ರಾಮಫೋನ್ ಮಾಡಿದ್ದೇನು? ಮರ್ಯಾದಸ್ಥರ ಮನೆಗೆ ದೊಡ್ಡ ಅನುಕೂಲ ಮಾಡಿಕೊಟ್ಟಿತು. ಹಾಡು ಬೇಕು, ಹಾಡುವವಳು ಬೇಡ. ಅವಳ ದನಿ ನಡುಮನೆಗೆ ಬರಲಿ, ಅವಳು ಬಾಗಿಲಾಚೆ ಇರಲಿ. ಹಿಂದೆ ಚಪ್ಪರದ ಮೂಲೆಯಾದರೂ ಸಿಗುತ್ತಿತ್ತು, ಈಗ ಅದೂ ಬೇಡವಾಯಿತು. ನಂತರ ಬಂದ ಲೌಡ್‌ಸ್ಪೀಕರ್ ಇದನ್ನೇ ಹಳ್ಳಿಹಳ್ಳಿಗೆ ಮುಟ್ಟಿಸಿತು. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ ಬೆಳಗಿನ ಐದಕ್ಕೇ ಭಕ್ತಿಗೀತೆ, ಎಂಟಾದ ಮೇಲೆ ರಾಜ್‌ಕುಮಾರ್ ಹಾಡು. ಮೂರು ಮೈಲಿ ದೂರದವರಿಗೂ ಇಂಥವರ ಮನೆಯಲ್ಲಿ ಮದುವೆ ಅಂತ ಗೊತ್ತಾಗಬೇಕು. ಆ ರೆಕಾರ್ಡ್ ಹಾಕುವವನ ಸುತ್ತ ಮಕ್ಕಳ ದಂಡು. ಆ ದಂಡಿನಲ್ಲಿ ನಾನೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ಬ್ಯಾಂಡ್ ಸೆಟ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅದು ಬ್ರಿಟಿಷ್ ಪಲ್ಟನ್ನಿನ ಬಳುವಳಿ. ಕೆಂಪು ಕೋಟು, ಹೆಗಲ ಮೇಲೆ ಜರಿ, ಸೈನಿಕರ ವೇಷದಲ್ಲಿ ಬಡ ಹುಡುಗರು. ದೇಶದ ಬಹುಪಾಲು ತುತ್ತೂರಿಗಳು ಉತ್ತರ ಪ್ರದೇಶದ ಮೀರತ್‌ನ ಜಾಲಿ ಕೋಠಿ ಎಂಬ ಒಂದು ಗಲ್ಲಿಯಲ್ಲಿ ತಯಾರಾಗ್ತವೆ. ನಮ್ಮಲ್ಲಿ ಇದು ಪರದೇಶದ್ದು ಅಂತ ಮೂಗು ಮುರಿಯೋರಿಗೆ ಒಂದು ಮಾತು: ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದವರು ಮುತ್ತುಸ್ವಾಮಿ ದೀಕ್ಷಿತರು. ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿಗೂ ಬರೆದಿದ್ದಾರೆ. ಮಂಗಳೂರಿನ ಕ್ಯಾಥೊಲಿಕರ ಮನೆಯಲ್ಲಿ ರೋಸ್ ದಿನ ಕೊಂಕಣಿ ವೊವಿಯೊ ಹಾಡಿ, ಮರುದಿನ ಇಗರ್ಜಿ ಮುಂದೆ ಬ್ಯಾಂಡ್ ಬಾರಿಸ್ತಾರೆ. ಎರಡೂ ಅವರದ್ದೇ. ಆ ಇಂಗ್ಲಿಷ್ ವೆಡ್ಡಿಂಗ್ ಮಾರ್ಚ್ ಇದೆಯಲ್ಲ, ಅದೂ ಇಂಗ್ಲಿಷಿನವರದ್ದಲ್ಲ. ಮೆಂಡೆಲ್ಸನ್ ಎಂಬ ಜರ್ಮನ್ ಯಹೂದಿ ವಂಶದವನು 1842ರಲ್ಲಿ ಶೇಕ್ಸ್‌ಪಿಯರ್ ನಾಟಕಕ್ಕೆ ಬರೆದದ್ದು. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಮಗಳ ಮದುವೆಯಲ್ಲಿ ನುಡಿಸಿದರು, ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ನಾಜಿಗಳ ಕಾಲದಲ್ಲಿ ಅವನ ಜರ್ಮನಿಯಲ್ಲೇ ಅವನ ಸಂಗೀತಕ್ಕೆ ಜಾಗ ಇರಲಿಲ್ಲ. 1936ರಲ್ಲಿ ಲೈಪ್‌ಜಿಗ್‌ನಲ್ಲಿದ್ದ ಅವನ ಪ್ರತಿಮೆಯನ್ನೂ ಕಿತ್ತು ಹಾಕಿದರು.

ಇನ್ನು ಸನಾದಿ. ಉತ್ತರ ಕರ್ನಾಟಕದಲ್ಲಿ ಶೆಹನಾಯಿಗೆ ಸನಾದಿ ಅಂತಾರೆ. 1977ರಲ್ಲಿ ಸನಾದಿ ಅಪ್ಪಣ್ಣ ಬಂತು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ, ಡಾ. ರಾಜ್ ಅಭಿನಯ, ಜಿ.ಕೆ. ವೆಂಕಟೇಶ್ ಸಂಗೀತ. ತೆರೆ ಮೇಲೆ ಅಣ್ಣಾವ್ರು ಊದಿದರೆ ಅದರ ಹಿಂದಿನ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದ್ದು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರೇ ಮನೆಗೆ ಹೋಗಿ, ಮರುವಾರ ತಮ್ಮ ಮನೆ ಮದುವೆಯಲ್ಲಿ ಸನಾದಿಯವನನ್ನು ಹಿತ್ತಲಲ್ಲಿ ಕೂರಿಸಿದರು. ನಾವು ಹೀಗೇ ನೋಡಿ. ತೆರೆ ಮೇಲಿನ ಬಡವನಿಗೆ ನಮ್ಮ ಕಣ್ಣೀರು ಬೇಗ ಬರುತ್ತೆ.

ಬಿಸ್ಮಿಲ್ಲಾ ಖಾನ್ ಅವರ ಮನೆತನವೂ ದೊರೆಗಳ ದೇವಡಿಯಲ್ಲಿ, ದೇವಸ್ಥಾನದ ಬಾಗಿಲಲ್ಲಿ ಊದಿದ ಮನೆತನವೇ. ಮದುವೆ ಮನೆ ಬಾಗಿಲಿನ ವಾದ್ಯವನ್ನು ಅವರು ಕಛೇರಿ ವೇದಿಕೆಗೆ ಏರಿಸಿದರು. 2001ರಲ್ಲಿ ಭಾರತರತ್ನ ಬಂತು. ಕಾಶಿ ವಿಶ್ವನಾಥನ ಮುಂದೆ ಊದಿದ ಮುಸಲ್ಮಾನ ಅವರು. ದಕ್ಷಿಣದಲ್ಲಿ ಶೇಖ್ ಚಿನ್ನ ಮೌಲಾನಾ, ಶ್ರೀರಂಗದಲ್ಲಿ ನೆಲೆಸಿ ರಂಗನಾಥನಿಗೆ ನಾಗಸ್ವರ ಸೇವೆ ಮಾಡಿದವರು, 1999ರವರೆಗೆ ಇದ್ದರು. ಮಂಗಳವಾದ್ಯಕ್ಕೆ ಧರ್ಮದ ಲೇಬಲ್ ಅಂಟಿಸಿ ನನಗೆ ಮೆಸೇಜ್ ಕಳಿಸುವ ಮಹನೀಯರು ಈ ಎರಡು ಹೆಸರು ಬರೆದಿಟ್ಟುಕೊಳ್ಳಿ.

ವಾದ್ಯವೇ ಇಲ್ಲದ ಮದುವೆಯೂ ನಮ್ಮಲ್ಲಿದೆ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ಪ್ರಕಾರ ಮಾಡಿಸಿದರು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಗಂಡುಹೆಣ್ಣಿಗೆ ಅರ್ಥವಾಗುವ ಮಾತಿನಲ್ಲಿ ಪ್ರಮಾಣ. ಕೊಡವರ ಮದುವೆಯಲ್ಲಿ ಪುರೋಹಿತರೇ ಇಲ್ಲ, ದುಡಿ ಹಿಡಿದ ನಾಲ್ವರು ಹಾಡಿನಲ್ಲೇ ಹರಸುತ್ತಾರೆ. ಆ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆಯಲ್ಲಿ ಅಚ್ಚು ಹಾಕಿಸದಿದ್ದರೆ ಎಷ್ಟೋ ಕಳೆದುಹೋಗ್ತಿತ್ತು. ನಮ್ಮ ಸೋಬಾನೆ ಪದಗಳನ್ನು ಹಾಗೆ ಕೂಡಿಟ್ಟವರು ಕಡಿಮೆ. ಮಾಧ್ವರ ಮನೆಯ ಹೆಂಗಸರು 16ನೇ ಶತಮಾನದ ವಾದಿರಾಜರ ಲಕ್ಷ್ಮೀ ಶೋಭಾನೆಯನ್ನು ಇಂದಿಗೂ ಬಿಡದೆ ಹೇಳ್ತಾರೆ, ಅದಕ್ಕೆ ಪುಸ್ತಕ ಇದೆ. ಅರಿಶಿನ ಅರೆಯುತ್ತಾ, ಭತ್ತ ಕುಟ್ಟುತ್ತಾ ಕಟ್ಟಿದ ಹಾಡಿಗೆ ಪುಸ್ತಕ ಎಲ್ಲಿಂದ ಬರಬೇಕು? ಹಾಡಿದ ಅಜ್ಜಿಯೇ ಪುಸ್ತಕ.

ಡಿಜೆ ಬಗ್ಗೆ ಹೇಳಲೇಬೇಕಲ್ಲ. ನನಗೆ ಡಿಜೆ ಮೇಲೆ ಕೋಪ ಇಲ್ಲ. ಮಕ್ಕಳು ಕುಣೀಲಿ. ಕಾನೂನು ಮಾತ್ರ ತಿಳ್ಕೊಳ್ಳಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ, ಇದು 2000ದ ನಿಯಮ. ಇನ್ನೊಂದು, ಛತ್ರದ ಹತ್ತಿರ ಯಾರಾದರೂ ಬಂದು ಸಿನಿಮಾ ಹಾಡು ಹಾಕಿದ್ದಕ್ಕೆ ಲೈಸೆನ್ಸ್ ದುಡ್ಡು ಕೊಡಿ ಅಂದರೆ ಹೆದರಬೇಡಿ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೆ 1994ರಲ್ಲಿ ಒಂದು ವಿನಾಯಿತಿ ಸೇರಿಸಿದ್ದಾರೆ. ಧಾರ್ಮಿಕ ಸಮಾರಂಭದ ಜೊತೆಗೆ ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂತೋಷ ಕೂಟ ಎಲ್ಲವೂ ಅದರೊಳಗೆ ಬರುತ್ತೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಇದನ್ನೇ ಸ್ಪಷ್ಟ ಮಾಡಿ ಪ್ರಕಟಣೆ ಹೊರಡಿಸಿತು.

ಈಗ ಆ ತುಮಕೂರಿನ ತಂದೆಗೆ ಏನು ಹೇಳಲಿ? ಫೋನ್ ಮಾಡಿದೆ. ಸಾಯಂಕಾಲ ಡಿಜೆ ಇಡಿ, ಮೆರವಣಿಗೆಗೆ ಬ್ಯಾಂಡ್ ಇರಲಿ, ಮುಹೂರ್ತಕ್ಕೆ ವಾಲಗ ಹೇಳಿ, ಜಗಳ ಮುಗೀತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸಾರ್, ನಮ್ಮೂರಲ್ಲಿ ವಾಲಗ ಊದೋರು ಈಗ ಒಬ್ಬರೇ ಉಳಿದಿರೋದು. ವಯಸ್ಸಾಗಿದೆ. ಮಗ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸ ಮಾಡ್ತಾನೆ. ಕೇಳೋಕೆ ಹೋಗಿದ್ದೆ, ಬರೋಲ್ಲ ಅಂದ್ರು" ಅಂದರು.

"ದುಡ್ಡು ಸಾಲದಂತಾ?"

"ಇಲ್ಲ ಸಾರ್. ನಮ್ಮ ಅಕ್ಕನ ಮದುವೆಗೂ ಅವರೇ ಊದಿದ್ದಂತೆ. ಅವತ್ತು ಊಟಕ್ಕೆ ಕರೆಯೋದನ್ನೇ ಮರೆತಿದ್ವಂತೆ. ನನಗೆ ನೆನಪೇ ಇಲ್ಲ, ಅವರಿಗೆ ಇದೆ."

ಮತ್ತೆ ಹೋಗಿ, ಈ ಸಲ ನೀವೊಬ್ಬರೇ ಹೋಗಬೇಡಿ, ಅಕ್ಕನನ್ನೂ ಕರೆದುಕೊಂಡು ಲಗ್ನಪತ್ರಿಕೆ ಇಟ್ಟು ಬನ್ನಿ ಅಂದೆ. ಹೋಗಿದ್ದಾರೆ. ಹದಿನೈದು ದಿನದ ಹಿಂದೆ ಒಂದು ಫೋಟೋ ಕಳಿಸಿದ್ದರು. ಮೊದಲ ಪಂಕ್ತಿ. ಬಾಳೆ ಎಲೆ ಮುಂದೆ ಬಿಳಿ ಅಂಗಿ ತೊಟ್ಟ ಒಬ್ಬ ಮುದುಕರು ಕೂತಿದ್ದಾರೆ, ಪಕ್ಕದಲ್ಲಿ ಬಟ್ಟೆ ಸುತ್ತಿದ ನಾಗಸ್ವರ. ಬಡಿಸುತ್ತಾ ಇರೋದು ಆ ಅಕ್ಕ.